ಅಮ್ಮನ ಉಲ್ಟಾ ಫ್ಯಾನು

ನಮ್ಮ ಅತ್ತಿಗೆ ಫ್ಯಾನಿನ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿಯಲು ಹೊರಟಾಗ ಮೊದಲು ನಕ್ಕವನು ಅಣ್ಣ. "ಬಲ್ಬ್ ಹಾಕೋಕೆ ನನ್ನ ಕರೀತೀಯ, ಮೋಟಾರ್ ಕಟ್ತೀಯಾ?" ಎಂದ. ಅವಳು ಕರೆಯುತ್ತಿದ್ದುದು ಬಾರದೆಂದಲ್ಲ, ನಮ್ಮ ಸ್ಟೂಲು ಅಲ್ಲಾಡುತ್ತಿತ್ತು, ಅಷ್ಟೇ. ಅಣ್ಣ ಕೆಟ್ಟವನಲ್ಲ. ಆದರೆ ಬಸ್ಸಿಗೆ ಚಿಲ್ಲರೆ ಕೇಳಿದರೂ "ಯಾಕೆ?" ಎಂದೇ ಜೇಬಿಗೆ ಕೈ ಹಾಕುತ್ತಿದ್ದ. ಆ "ಯಾಕೆ" ಕೇಳಿ ಕೇಳಿ ಅತ್ತಿಗೆಗೆ ಸಾಕಾಗಿತ್ತು.

ಹೆಂಗಸರ ತರಬೇತಿ ಕೇಂದ್ರದಲ್ಲಿ ಕಲಿತು ಮುಗಿಸಿದಳು. ಇನ್ನು ಬೀದಿಗೆ ತೆರೆಯುವ ಮುಂದಿನ ಕೋಣೆ ಸಿಕ್ಕರೆ ಅಂಗಡಿ ಇಡಬಹುದು. ಅದರ ತುಂಬ ಹಳೆಯ ಸಾಮಾನು, ಬೀಗದ ಕೈ ಅಮ್ಮನ ಸೊಂಟದಲ್ಲಿ.

"ನಾನು ಮಲಗೋ ಕಡೆ ಫ್ಯಾನ್ ಸುಟ್ಟುಹೋಗಿದ್ಯಲ್ಲ, ಮೊದಲು ಅದನ್ನ ಸರಿ ಮಾಡು. ಕೋಣೆ ಮಾತು ಆಮೇಲೆ," ಎಂದಳು ಅಮ್ಮ.

ಅತ್ತಿಗೆ ಕರಕಲಾದ ತಂತಿ ಕಿತ್ತು, ಹೊಸದು ಸುತ್ತಿ, ಮೋಟಾರನ್ನು ಮೇಜಿನ ಮೇಲಿಟ್ಟು ಓಡಿಸಿ ನೋಡಿದಳು. ಸದ್ದಿಲ್ಲದೆ ತಿರುಗಿತು. ಸಂಜೆ ಅಣ್ಣ ಅದಕ್ಕೆ ರೆಕ್ಕೆ ಜೋಡಿಸಿ ನೇತುಹಾಕಿದ. ಸ್ವಿಚ್ ಒತ್ತಿದರೆ ಫ್ಯಾನು ಜೋರಾಗಿ ತಿರುಗುತ್ತಿದೆ, ಕೆಳಗೆ ಗಾಳಿಯೇ ಇಲ್ಲ. ಮೇಲೆ ಮೂಲೆಯ ಜೇಡರ ಬಲೆ ಮಾತ್ರ ಕುಣಿಯುತ್ತಿದೆ.

"ಜೇಡಕ್ಕೆ ಸೆಖೆ ಆಗಿತ್ತೇನೋ," ಎಂದ ಅಣ್ಣ.

ಅತ್ತಿಗೆಯ ಮುಖ ಸಪ್ಪಗಾಯಿತು. ತಪ್ಪೇನೆಂದು ಅವಳಿಗೆ ಕೂಡಲೇ ಹೊಳೆದಿತ್ತು. ಮೇಜಿನ ಮೇಲಿದ್ದಾಗ ಮೇಲಿನಿಂದ ನೋಡಿ ದಿಕ್ಕು ಸರಿ ಎಂದುಕೊಂಡಿದ್ದಳು. ನೇತುಹಾಕಿ ಕೆಳಗಿನಿಂದ ನೋಡಿದರೆ ಅದೇ ಉಲ್ಟಾ. ಮೇಜಿನ ಮೇಲೆ ಕಲಿತವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪಂತೆ.

"ಎರಡು ತಂತಿ ಅದಲುಬದಲು ಮಾಡಿದ್ರೆ ಆಯ್ತು ಅತ್ತೆ. ಈಗ್ಲೇ ಇಳಿಸ್ತೀನಿ."

"ನಾಳೆ ನೋಡೋಣ," ಎಂದಳು ಅಮ್ಮ. ನಮ್ಮ ಮನೆಯಲ್ಲಿ "ಇಲ್ಲ" ಎನ್ನುವುದಕ್ಕೆ ಅದೇ ಮರ್ಯಾದೆಯ ಹೆಸರು. ಅತ್ತಿಗೆಗಿಂತ ನನಗೇ ಹೆಚ್ಚು ಸಂಕಟವಾಯಿತು.

ಬೆಳಿಗ್ಗೆ ಅತ್ತಿಗೆ ಸ್ಪ್ಯಾನರ್ ಹಿಡಿದು ಸ್ಟೂಲು ಹತ್ತಿದಳು. ಅಲ್ಲಾಡದಂತೆ ನಾನು ಹಿಡಿದುಕೊಂಡಿದ್ದೆ.

"ಇಳಿ. ಅದನ್ನ ಮುಟ್ಟಬೇಡ," ಎಂದಳು ಅಮ್ಮ. "ಇಷ್ಟು ವರ್ಷ ಗಾಳಿ ನೆತ್ತಿಗೇ ಬಡಿದು ಕತ್ತು ಹಿಡ್ಕೊಳ್ತಿತ್ತು, ಆರಿಸಿದ್ರೆ ಸೆಖೆ. ನಿನ್ನೆ ಗಾಳಿ ಮೇಲೆ ಹೋಗಿ ಗೋಡೆ ಕಡೆಯಿಂದ ಮೆಲ್ಲಗೆ ಬರ್ತಿತ್ತು, ಸುಖವಾಗಿ ನಿದ್ದೆ ಬಂತು."

"ಆದ್ರೆ ಅದು ತಪ್ಪು ಅತ್ತೆ."

"ನಡೆಯೋರು ಎಡವದೆ ಕೂತೋರು ಎಡವ್ತಾರಾ? ಎಲ್ಲಿ ಎಡವಿದೆ ಅಂತ ನಿಂಗೆ ಗೊತ್ತಿದ್ಯಲ್ಲ, ಸಾಕು." ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಈಗ ಆ ಕೋಣೆಯ ತುಂಬ ಊರವರ ಫ್ಯಾನು, ಮಿಕ್ಸಿ, ನೀರಿನ ಪಂಪು. ಪ್ರತಿ ಫ್ಯಾನನ್ನೂ ಕೊಕ್ಕೆಗೆ ನೇತುಹಾಕಿ, ಕೆಳಗೆ ನಿಂತು ನೋಡಿಯೇ ಅತ್ತಿಗೆ ಕಳಿಸುವುದು. ಬಸ್ಸಿಗೆ ಹೊರಟರೆ ಅವಳದೇ ಪರ್ಸು. ಅಣ್ಣನೋ, ತಾನೇ ಕಲಿಸಿದವನಂತೆ ಎಲ್ಲರ ಮುಂದೆ ಹೆಂಡತಿಯ ಅಂಗಡಿಯನ್ನು ಹೊಗಳುತ್ತಾನೆ. ಅಮ್ಮನ ಫ್ಯಾನು ಮಾತ್ರ ಇವತ್ತಿಗೂ ಉಲ್ಟಾ.

ಮೊನ್ನೆ ಅಮ್ಮ ಅಂಗಡಿಯ ಬಾಗಿಲಲ್ಲಿ ನಿಂತು, "ನಂಗೆ ಸ್ವಲ್ಪ ದುಡ್ಡು ಬೇಕಿತ್ತು," ಎಂದಳು. ಜೀವಮಾನವೆಲ್ಲ ಅಪ್ಪನನ್ನು, ಆಮೇಲೆ ಅಣ್ಣನನ್ನು ಕೇಳಿದವಳು ಅವಳು. ಅತ್ತಿಗೆ ಸುತ್ತಿದ ತಂತಿಗೆ ಬಳಿಯುವ ವಾರ್ನಿಷ್ ಹತ್ತಿದ ಕೈ ಒರೆಸಿಕೊಂಡು, ಪರ್ಸನ್ನೇ ಅಮ್ಮನ ಕೈಗೆ ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ.