ಅಂಗೈಯ ಗಾಯ

ಎಪ್ಪತ್ತರ ದಶಕದಲ್ಲಿ, ಹೆಗ್ಗಡದೇವನಕೋಟೆ ಹತ್ತಿರದ ಒಂದು ಸಣ್ಣ ಚರ್ಚಿಗೆ ಬಣ್ಣ ಹೊಡೆಯಲು ಹೋಗಿದ್ದೆ. ನಾನು ಕ್ರೈಸ್ತನಲ್ಲ, ಬೋರ್ಡು ಬರೆಯುವವನು. ಅಲ್ಲಿದ್ದ ಯೇಸುವಿನ ಪ್ರತಿಮೆಯ ಅಂಗೈಗಳಲ್ಲಿ ತೂತುಗಳಿದ್ದವು. ಗಾರೆ ಉದುರಿರಬೇಕು ಅಂದುಕೊಂಡು ಮುಚ್ಚಲು ಹೊರಟೆ.

ಚರ್ಚು ಗುಡಿಸುತ್ತಿದ್ದ ಮರಿಯಮ್ಮ ಪೊರಕೆ ಬಿಸಾಕಿ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಮುಚ್ಚಬ್ಯಾಡ ಕಣಪ್ಪ! ಅದು ಮೊಳೆ ಒಡ್ದಿದ್ ಗಾಯ."

"ಸತ್ತು ಎದ್ದುಬಂದ ದೇವರಿಗೆ ಇನ್ನೂ ಗಾಯವೇನಮ್ಮ?"

"ಎದ್ ಮ್ಯಾಲೂ ಸ್ವಾಮಿ ಮನುಸ್ನೇ ಕಣಪ್ಪ. ಸ್ವರ್ಗಕ್ಕೂ ಇದೇ ಮೈನಲ್ಲೇ ಓಗವ್ನೆ. ಈಗ್ಲೂ ಅಂಗೇ ಅವ್ನೆ."

ನಾನು ನಕ್ಕೆ. ಅವಳು ನಗಲಿಲ್ಲ. ಹೋದ ಬೇಸಿಗೆಯಲ್ಲಿ ಕಾಡಿನಲ್ಲಿ ಲಾರಿಗೆ ದಿಮ್ಮಿ ಏರಿಸುವಾಗ, ಅದು ಉರುಳಿ ಅವಳ ಮಗ ಸತ್ತಿದ್ದನಂತೆ. ಎರಡು ಕೈಯೂ ಜಜ್ಜಿಹೋಗಿದ್ದವಂತೆ.

"ಅಂಗೇ ಮಣ್ ಮಾಡುದ್ವಿ," ಅಂದಳು. "ಆ ಕೈ ನೋಡಿ ಅಳಾಕೆ ಸ್ವರ್ಗದಲ್ಲೊಬ್ಬ ಮನುಸ ಬ್ಯಾಡ್ವಾ?"

ನಾನು ಕಲಸಿದ್ದ ಗಾರೆಯನ್ನು ಪಕ್ಕಕ್ಕಿಟ್ಟು, ಸಣ್ಣ ಬ್ರಶ್ಶಿನಿಂದ ಆ ತೂತುಗಳಿಗೆ ಕೆಂಪು ಹಚ್ಚಿದೆ. ಮುಗಿಯುವ ತನಕ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು.

ಸಂಜೆ ಪಾದ್ರಿಗಳು ಬಂದು, ಸ್ವಾಮಿಯ ಮುಖದಲ್ಲಿ ಏನು ಕರುಣೆ ತಂದಿದ್ದೀರಿ ಎಂದು ಹೊಗಳಿದರು. ಮುಖವನ್ನು ನಾನಿನ್ನೂ ಮುಟ್ಟಿಯೇ ಇರಲಿಲ್ಲ.