ಗೂರ್ಖಾ ಕೋಟೆಯ ಕೆಳಗೆ ಉಳಿದ ತಂಗಿ

ತೊಂಬತ್ತೆಂಟರ ಬೇಸಿಗೆಯಲ್ಲಿ ಬೈಲಹೊಂಗಲದಿಂದ ನೇಪಾಳಕ್ಕೆ ಯಾತ್ರೆಯ ಬಸ್ಸು ಹೊರಟಿತು. ನಾನೂ ನನ್ನ ತಂಗಿಯೂ ಹೋದೆವು. ಆಕೆ ಕಿತ್ತೂರಿನಲ್ಲಿ ಶಾಲೆಯ ಶಿಕ್ಷಕಿ. ನಾನು ಓದಿದ್ದು ಮೂರನೇ ಇಯತ್ತೆ. ಆಕೆ ಹುಟ್ಟಿದಾಗ ಕೂಸು ಆಡಿಸಲೆಂದು ಅವ್ವ ನನ್ನನ್ನು ಶಾಲೆ ಬಿಡಿಸಿದ್ದಳು.

ಗಡಿ ದಾಟಿ ಲುಂಬಿನಿಗೆ ಬಂದಾಗ ತಂಗಿ ಅಶೋಕನ ಕಂಬದ ಮುಂದೆ ನಿಂತು ಅದರ ಕಥೆ ಹೇಳಿದಳು. ಬಸ್ಸಿನ ಜನವೆಲ್ಲ ಆಕೆಯ ಸುತ್ತ. ರಾಮದುರ್ಗದ ಮುದುಕಿಯೊಬ್ಬಳು ನನ್ನ ಭುಜ ತಟ್ಟಿ, "ಇದ್ದಬದ್ದ ಸಾಲಿ ಎಲ್ಲಾ ನಿನ್ನ ತಂಗೀನ ಕಲ್ತಬಿಟ್ಟಾಳ ನೋಡವಾ, ನಿನಗೇನೂ ಉಳಿಸಿಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಒಬ್ಬಳೇ ಬಸ್ಸಿಗೆ ಮರಳಿದೆ.

ತಂಗಿಗೆ ಮುಂದೆ ದಾರಿಯಲ್ಲಿ ಬರುವ, ಗುಡ್ಡದ ಮೇಲಿನ ಗೂರ್ಖಾ ಕೋಟೆಯದೇ ಧ್ಯಾನ. "ನಮ್ಮ ಕಿತ್ತೂರ ಕೋಟಿ ಬಿದ್ದದ್ದಷ್ಟ ನೋಡೇನಿ ಅಕ್ಕಾ. ನಿಂತ ಕೋಟಿ ಒಂದ ಕಣ್ತುಂಬ ನೋಡಬೇಕು" ಎನ್ನುತ್ತಿದ್ದಳು.

ಅಲ್ಲಿಗೆ ಹೋಗುವ ದಿನ ಬೆಳಿಗ್ಗೆ ಆಕೆಗೆ ಬಸ್ಸಿನಲ್ಲಿ ನಿದ್ದೆ ಹತ್ತಿತ್ತು. ಕೊರಳ ಶಿವದಾರ ಹರಿದು ಲಿಂಗದ ಕರಡಿಗೆ ನನ್ನ ಮಡಿಲಿಗೆ ಜಾರಿತು. ಎಬ್ಬಿಸಿ ಕೊಡಬೇಕೆಂದೇ ಎತ್ತಿಕೊಂಡೆ. ಕೊಡಲಿಲ್ಲ. ನನ್ನ ಚೀಲಕ್ಕೆ ಇಳಿಸಿದೆ. ಮೈಮೇಲೆ ಲಿಂಗವಿಲ್ಲದೆ ನಮ್ಮ ಮನೆತನದಲ್ಲಿ ಗುಟುಕು ನೀರನ್ನೂ ಕುಡಿಯುವುದಿಲ್ಲ. ಅದು ನನಗೆ ಗೊತ್ತಿಲ್ಲದ್ದೇನಲ್ಲ.

ಗುಡ್ಡದ ಬುಡದಲ್ಲಿ ಇಳಿಯುವಾಗ ತಂಗಿ ಎದೆ ಮುಟ್ಟಿ ನೋಡಿಕೊಂಡಳು. ಮುಖ ಬಿಳಿಚಿತು. "ನೀವು ಹತ್ರಿ, ನಾ ಹುಡುಕತೇನಿ" ಎಂದು ಸೀಟುಗಳ ಕೆಳಗೆ ಬಗ್ಗಿದಳು. ಆಕೆಯ ಲಿಂಗವನ್ನು ಚೀಲದಲ್ಲಿಟ್ಟುಕೊಂಡೇ ನಾನು ಎಲ್ಲರಿಗಿಂತ ಮುಂದೆ ಮೆಟ್ಟಿಲು ಹತ್ತಿದೆ. ಮೇಲೆ ಕೆತ್ತನೆಯ ಕಿಟಕಿಗಳು, ನೆಟ್ಟಗೆ ನಿಂತ ಗೋಡೆಗಳು. "ಸಾಲಿ ಅಕ್ಕೋರಿಲ್ಲ, ಈಗ ಇದನ್ನ ಯಾರ ಹೇಳಬೇಕ್ರಿ?" ಎಂದರು ಯಾರೋ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಚೀಲವನ್ನು ಕಂಕುಳಲ್ಲಿ ಒತ್ತಿಕೊಂಡು ಮುಂದಿನ ಕಿಟಕಿಯತ್ತ ನಡೆದೆ.

ಇಳಿದು ಬಂದಾಗ ಆಕೆ ಒಣಗಿದ ತುಟಿಯಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ಕುಳಿತಿದ್ದಳು. ನಾನು ಒಳಗೆ ಹೋಗಿ ಹುಡುಕಿದಂತೆ ಮಾಡಿ, "ಇಲ್ಲೇ ಸಂದಿನ್ಯಾಗ ಸಿಕ್ಕೊಂಡಿತ್ತ ನೋಡ" ಎಂದು ಕೊಟ್ಟೆ. ಆಕೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, ಬಾಗಿ ನನ್ನ ಕಾಲು ಮುಟ್ಟಿದಳು.

"ಓಡಿಹೋಗಿ ನೋಡಿ ಬರ್ಲೇನ್ರಿ?" ಎಂದು ಡ್ರೈವರನನ್ನು ಕೇಳಿದಳು.

"ಹೊತ್ತಾಗೇತ್ರಿ ಅಕ್ಕೋರ, ಇನ್ನೂ ಕಠ್ಮಂಡು ಮುಟ್ಟಬೇಕು."

ಬಸ್ಸು ತಿರುವು ಇಳಿಯತೊಡಗಿದಾಗ ನನ್ನ ಕೈ ಹಿಡಿದು, "ಹೆಂಗಿತ್ತಕ್ಕಾ? ಹೇಳ ನನಗ" ಎಂದಳು. ಆಕೆ ನನ್ನಿಂದ ಏನನ್ನಾದರೂ ತಿಳಿಯಬಯಸಿದ್ದು ಅದೇ ಮೊದಲು.

"ಏನ್ ಇಲ್ಲ ಬಿಡ. ಅದೂ ಬಿದ್ದೈತಿ" ಎಂದೆ.

ಆಕೆ ನಂಬಿದಳು. ಊರಿಗೆ ಮರಳಿದ ಮೇಲೆ ಶಾಲೆಯ ಮಕ್ಕಳಿಗೂ ಹಾಗೆಯೇ ಹೇಳಿದಳಂತೆ, ನಮ್ಮ ಅಕ್ಕನೇ ಕಣ್ಣಾರೆ ಕಂಡಿದ್ದಾಳೆ ಎಂದು.