ತೂಕದಕ್ಕ ಮುಚ್ಚದ ಕಾರ್ಡುಗಳು

ಹೊಟ್ಟೆಯೊಳಗಿನ ಕೂಸೂ ಹೆದರುತ್ತಿದ್ದುದು ಹೆರಿಗೆ ಆಸ್ಪತ್ರೆಯ ತೂಕದಕ್ಕನಿಗೆ ಮಾತ್ರ. ಬಸುರಿಯರಿಗೆ ಕಬ್ಬಿಣದ ಮಾತ್ರೆ ನುಂಗಿಸಿ, "ಆ ಅನ್ನು" ಎಂದು ನಾಲಿಗೆಯಡಿ ಹುಡುಕುವಳು. ಬೀಡಿ ಸೇದುವ ಗಂಡಂದಿರನ್ನು ಬೀದಿಯಾಚೆಗೆ ಅಟ್ಟುವಳು. ಕೂಸು ಹುಟ್ಟಿತೋ, ತಕ್ಕಡಿಯಲ್ಲಿ ತೂಗಿ ಹಳದಿ ಕಾರ್ಡು ಬರೆಯುವಳು: ಕತ್ತು ನಿಂತದ್ದು, ಮಗುಚಿದ್ದು, ಅಂಬೆಗಾಲು, ಮೊದಲ ಮಾತು. ಕೊನೆಯ ಸಾಲು, 'ಸರಿ ತಪ್ಪು ತಿಳಿಯುತ್ತದೆ'.

ಅದಕ್ಕೆ ಗುರುತು ಬಿದ್ದರೇನೇ ಕಾರ್ಡು ಮುಚ್ಚುವುದು. ಉಳಿದ ನರ್ಸಮ್ಮಂದಿರು ಮಗುವಿಗೆ ಐದು ತುಂಬಿತೆಂದರೆ ಕಣ್ಣುಮುಚ್ಚಿ ಗೀಚಿಬಿಡುತ್ತಿದ್ದರು. ತೂಕದಕ್ಕನಿಗೆ ಮನಸ್ಸೊಪ್ಪದು. ಮೂವತ್ತೈದು ವರ್ಷದಲ್ಲಿ ಅವಳು ಮುಚ್ಚಿದ್ದು ಎರಡೇ ಕಾರ್ಡು. ಮೀಸೆ ಬಂದವರನ್ನೂ, ಬಸುರಾಗಿ ಮತ್ತೆ ಅವಳಲ್ಲಿಗೇ ಬಂದವರನ್ನೂ ನಿಲ್ಲಿಸಿ ಪರೀಕ್ಷೆ ಮಾಡುವಳು.

ಒಂದು ದಿನ ತಪಾಸಣೆಯ ಅಧಿಕಾರಿ ಬಂದ.

"ಏನಮ್ಮಾ, ನಾಲ್ಕು ಸಾವಿರ ಕಾರ್ಡು ಬಾಕಿ! ನಾಳೆಯಿಂದ ಕೆಲ್ಸಕ್ಕೆ ಬರ್ಬೇಡಿ," ಎಂದು ಬಗ್ಗಿ ಆದೇಶ ಬರೆಯತೊಡಗಿದ.

ತಕ್ಕಡಿ ಬಿಟ್ಟರೆ ತೂಕದಕ್ಕನಿಗೆ ಬೇರೆ ಬದುಕಿಲ್ಲ. ಅಷ್ಟರಲ್ಲಿ ಅವನ ಕಿವಿಯ ಹಿಂದಿನ ಮಚ್ಚೆ ಕಂಡಿತು. ಬೀರು ತೆಗೆದು ಒಂದು ಕಾರ್ಡಿನ ಧೂಳು ಕೊಡವಿದಳು.

"ನೀವೂ ಇದೀರಲ್ಲ ಇಲ್ಲಿ! ಮಗುಚೋಕೇ ಏಳು ತಿಂಗ್ಳು ತಗೊಂಡ ಸೋಮಾರಿ. ಕೊನೇ ಸಾಲು ಖಾಲಿ."

"ನಂಗೆ ಸರಿ ತಪ್ಪು ಗೊತ್ತಿಲ್ವಾ?"

"ನೋಡೇ ಬಿಡೋಣ ಕಂದಾ. ಅಮ್ಮಂಗೆ ಸಹಾಯ ಮಾಡೋಕೆ ಹೋಗಿ ಒಬ್ಬ ಹತ್ತು ಲೋಟ ಒಡೆದ. ಸಕ್ಕರೆ ಕದಿಯೋಕೆ ಹೋಗಿ ಇನ್ನೊಬ್ಬ ಒಂದು ಒಡೆದ. ಯಾರದ್ದು ದೊಡ್ಡ ತಪ್ಪು?"

"ಹತ್ತು ಒಡೆದವಂದು! ಕೇಳ್ಬೇಕಾ?"

ಬೆಂಚಿನ ಮೇಲಿದ್ದ ಬಸುರಿಯರು ಕಿಸಕ್ಕೆಂದರು. ತೂಕದಕ್ಕ ಬರೆದುಕೊಂಡಳು: ಐದು ವರ್ಷದ ಮಗುವಿನ ಉತ್ತರ. "ಆರು ತಿಂಗ್ಳು ಬಿಟ್ಟು ಬಾ ಮಗಾ. ನಾನಿಲ್ದಿದ್ರೆ ಕಾರ್ಡು ಹೀಗೇ ಇರತ್ತೆ. ನಿನ್ನ ಮೇಲಿನ ಸಾಹೇಬ್ರು ಬಂದಾಗ ಓದ್ಕೋತಾರೆ."

ಅಧಿಕಾರಿ ಆದೇಶವನ್ನು ಮಡಚಿ ಜೇಬಿಗಿಟ್ಟುಕೊಂಡ.

ಆರು ತಿಂಗಳಿಗೆ ಸರಿಯಾಗಿ, ಕೂಸುಗಳ ಸಾಲಿನಲ್ಲಿ ನಿಂತು ಬಂದ. "ಸಕ್ಕರೆ ಕದ್ದವಂದು!"

"ಯಾಕೆ?"

"ಹೆಂಡ್ತಿ ಹೇಳ್ಕೊಟ್ಲು."

"ಉತ್ತರ ಸರಿ. ಕಾರಣ ಏಳು ವರ್ಷದ ಮಗೂದು. ಮತ್ತೆ ಬಾ."

ಮೂರನೆಯ ಸಲ ಬಂದವನು ಅವಳನ್ನೇ ಕೇಳಿದ. "ಹತ್ತು ಒಡೆದ್ನಲ್ಲ ಅಕ್ಕಾ, ಅವ್ನು ಒಳ್ಳೇದು ಮಾಡೋಕೇ ಹೋಗಿದ್ದ. ಅವ್ನ ಮೇಲೆ ಯಾಕೆ ರೇಗ್ಬೇಕು?"

ತೂಕದಕ್ಕನ ಪೆನ್ನು ಗಾಳಿಯಲ್ಲೇ ನಿಂತಿತು. ಗುರುತು ಬಿದ್ದರೆ ಅವನಿಗೆ ಅವಳ ಹಂಗಿಲ್ಲ. ಜೇಬಿನ ಆದೇಶ ಹೊರಬರುತ್ತದೆ. ಸುಳ್ಳು ಬರೆಯಲು ಕೈ ಬರಲಿಲ್ಲ. ಗುರುತು ಹಾಕಿದಳು.

"ನಿಮ್ಮ ಕಾರ್ಡು ಮುಚ್ತು ಸಾರ್. ಇನ್ನು ನನ್ನ ತೆಗೀಬಹುದು."

ಅವನು ಆದೇಶ ತೆಗೆದ, ಕಾರ್ಡು ನೋಡಿದ, ಮತ್ತೆ ಆದೇಶ ನೋಡಿದ.

"ಹೇಗೆ ತೆಗೀಲಿ? ಗುರುತು ಹಾಕ್ಬಿಟ್ರಲ್ಲ!" ಎಂದು ರೇಗುತ್ತ ಹರಿದೆಸೆದ.